ರಾಡು ಮೇಲೋ ಮೆಷಿನ್ ಮೇಲೋ: ಜಿಮ್ಮಿನ ಹಳೆಯ ಜಗಳದಲ್ಲಿ ಸಂಶೋಧನೆ ಯಾರ ಕಡೆಗಿದೆ?

ಕಳೆದ ವರ್ಷ ಶ್ರಾವಣದಲ್ಲಿ ಬಂಧುಗಳ ಮನೆಯ ಸತ್ಯನಾರಾಯಣ ಪೂಜೆಗೆ ಹೋಗಿದ್ದೆವು. ಚಾಪೆಯ ಮೇಲೆ ಕುಳಿತಿದ್ದ ನನ್ನ ತಾಯಿ, ಮಂಗಳಾರತಿಗೆ ಎಲ್ಲರೂ ಎದ್ದಾಗ ತಾವು ಏಳಲಾಗದೆ, ಮೊದಲು ಒಂದು ಕೈಯೂರಿ, ಆಮೇಲೆ ಎರಡೂ ಕೈಯೂರಿ, ಕೊನೆಗೆ ಪಕ್ಕದಲ್ಲಿದ್ದ ಹುಡುಗಿಯ ಭುಜ ಹಿಡಿದು ಎದ್ದರು. ಅವರಿಗೆ 67 ವರ್ಷ. ಮಂಡಿಯಲ್ಲಿ ಹೇಳಿಕೊಳ್ಳುವಂಥ ದೋಷವೇನೂ ಇಲ್ಲ ಎಂದು ವೈದ್ಯರು ಆಗಲೇ ಹೇಳಿದ್ದರು. ತೊಡೆಯಲ್ಲಿ ಬಲವಿಲ್ಲ, ಅಷ್ಟೇ. ಮರುವಾರವೇ ಅವರನ್ನು ಬನಶಂಕರಿಯಲ್ಲಿ ನಾನು ಹೋಗುವ ಜಿಮ್ಮಿಗೆ ಕರೆದೊಯ್ದೆ.

ಅಲ್ಲಿನ ಯುವ ಟ್ರೈನರ್ ವಿನಯವಂತ. ‘ಅಮ್ಮ, ನೀವು ಮೆಷಿನ್ ಮೇಲೆ ಹಗುರವಾಗಿ ಹತ್ತು ನಿಮಿಷ ಮಾಡಿ, ಸಾಕು’ ಎಂದರು. ಆಮೇಲೆ ನನ್ನ ಕಡೆ ತಿರುಗಿ, ‘ನೀವು ಮಾತ್ರ ಮೆಷಿನ್ ಬಿಟ್ಟುಬಿಡಿ ಸರ್. ಅದರಲ್ಲಿ ಬರುವುದು ಬರೀ ಊತ. ನಿಜವಾದ ಬಲ ಬೇಕಾದರೆ ರಾಡ್ ಹಿಡಿಯಬೇಕು’ ಎಂದರು. ರಾಡ್ ಎಂದರೆ ಎರಡೂ ತುದಿಗೆ ಪ್ಲೇಟು ಸಿಕ್ಕಿಸಿ ಎತ್ತುವ ಕಬ್ಬಿಣದ ಸರಳು.

ಮೆಷಿನ್‌ನಿಂದ ನಿಜವಾದ ಬಲ ಬರುವುದಿಲ್ಲವಂತೆ. ವಯಸ್ಸಾದ ಹೆಂಗಸಿಗೆ ಆ ನಿಜವಲ್ಲದ ಬಲವೇ ಸಾಕಂತೆ. ವಿಜಯನಗರದಿಂದ ಎಚ್‌ಎಸ್‌ಆರ್ ಬಡಾವಣೆಯವರೆಗೆ ನಾನು ಕಾಲಿಟ್ಟ ಜಿಮ್‌ಗಳಲ್ಲೆಲ್ಲ ಈ ಮಾತುಗಳನ್ನು ಬೇರೆ ಬೇರೆ ಬಾಯಿಗಳಿಂದ ಕೇಳಿದ್ದೇನೆ. ಮೊಬೈಲಿನಲ್ಲಿ ದಿನವೂ ಹರಿದುಬರುವ ವ್ಯಾಯಾಮದ ವಿಡಿಯೊಗಳಲ್ಲಾದರೆ ಇತ್ತೀಚೆಗೆ ಗಾಳಿ ತಿರುಗಿದೆ. ಮೈ ಬೆಳೆಸಲು ಮೆಷಿನ್ನೇ ಮೇಲು, ರಾಡು ಹಳೆಯ ಕಾಲದ್ದು ಎಂದು ವಾದಿಸುವವರೂ ಹುಟ್ಟಿಕೊಂಡಿದ್ದಾರೆ. ಎರಡೂ ಪಕ್ಷದವರು ಕೇಳುತ್ತಿರುವ ಪ್ರಶ್ನೆಯೇ ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ಆ ತಪ್ಪಿಗೆ ಬೆಲೆ ತೆರುತ್ತಿರುವವರು ನನ್ನ ತಾಯಿಯಂಥವರು.

ರಾಡಿನ ಮೇಲಿನ ಗೌರವ ಈ ಊರಿಗೆ ಹೊಸದಲ್ಲ. ಕರಗದ ವೀರಕುಮಾರರು ಮೈ ಹುರಿಗೊಳಿಸಿದ ಪೇಟೆಯ ಗರಡಿ ಮನೆಗಳಲ್ಲಿ ಇದ್ದದ್ದು ಕೆಮ್ಮಣ್ಣು, ದಂಡ, ಬಸ್ಕಿ, ಗದೆ, ಕಲ್ಲುಗುಂಡು. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವವರನ್ನು ನೋಡಲು ಇಂದಿಗೂ ಜನ ಕಿಕ್ಕಿರಿಯುತ್ತಾರೆ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಬೆಂಗಳೂರಿನ ಕೆ.ವಿ. ಅಯ್ಯರ್ ತಮ್ಮ ವ್ಯಾಯಾಮಶಾಲೆಯಲ್ಲಿ ಸೂರ್ಯನಮಸ್ಕಾರವನ್ನೂ ಭಾರದ ರಾಡನ್ನೂ ಜೊತೆಜೊತೆಯಾಗಿ ಕಲಿಸಿದರು, ದೂರದವರಿಗೆ ಅಂಚೆಯಲ್ಲಿಯೂ ಪಾಠ ಕಳುಹಿಸಿದರು. ಆ ಪರಂಪರೆಯಲ್ಲಿ ಮೆಷಿನ್ ಎಂಬುದು ಇರಲಿಲ್ಲ. ಅಮೆರಿಕದ ಆರ್ಥರ್ ಜೋನ್ಸ್ ತಮ್ಮ ‘ನಾಟಿಲಸ್’ ಮೆಷಿನ್‌ಗಳನ್ನು ಮಾರುಕಟ್ಟೆಗೆ ತಂದದ್ದು 1970ರ ಸುಮಾರಿಗೆ. ಶಂಖದ ಹೋಳಿನಂತೆ ಒಂದು ಕಡೆ ಉಬ್ಬಿದ ರಾಟೆಯನ್ನು ಅವರು ಬಳಸಿದರು. ಕೈಕಾಲು ಮಡಚಿ ಬಿಚ್ಚುವ ಹಾದಿಯಲ್ಲಿ ಸ್ನಾಯು ಎಲ್ಲಿ ಬಲವಾಗಿದೆಯೋ ಅಲ್ಲಿ ಹೆಚ್ಚು, ಎಲ್ಲಿ ದುರ್ಬಲವೋ ಅಲ್ಲಿ ಕಡಿಮೆ ಭಾರ ಬೀಳಲಿ ಎಂಬುದು ಆ ಆಕಾರದ ಉದ್ದೇಶ. ನಮ್ಮ ಬಡಾವಣೆಗಳಿಗೆ ಇಂಥವು ಬಂದದ್ದು ಬಹಳ ತಡವಾಗಿ, ಅದೂ ಹವಾನಿಯಂತ್ರಿತ ಜಿಮ್‌ಗಳ ಜೊತೆಯಲ್ಲಿ. ರಾಡು ಬೆವರಿನವರದು, ಮೆಷಿನ್ ಶೋಕಿಯವರದು ಎಂಬ ಭಾವನೆ ಬೇರೂರಿದ್ದು ಹಾಗೆ. ಆ ಭಾವನೆ ನನಗೂ ಅರ್ಥವಾಗುತ್ತದೆ. ಆದರೆ ಸ್ನಾಯುವಿನ ಒಳಗೆ ನಡೆಯುವುದಕ್ಕೂ ಅದಕ್ಕೂ ಯಾವ ಸಂಬಂಧವೂ ಇಲ್ಲ.

ರಾಡು, ಡಂಬೆಲ್, ಪ್ಲೇಟು, ಕಲ್ಲುಗುಂಡು, ಹೀಗೆ ಯಾವುದಕ್ಕೂ ಕಟ್ಟಿಹಾಕದ ಭಾರವನ್ನು ಮುಂದೆ ಬಿಡಿತೂಕ ಎಂದೇ ಕರೆಯುತ್ತೇನೆ. ಮೆಷಿನ್ ಎಂದರೆ ಹಳಿಯ ಮೇಲೆ ಅಥವಾ ರಾಟೆಯ ಮೂಲಕ ಒಂದೇ ಹಾದಿಯಲ್ಲಿ ಚಲಿಸುವ ಭಾರ. ಇವೆರಡನ್ನು ಮುಖಾಮುಖಿಯಾಗಿಸಿದ ಪ್ರಯೋಗಗಳು ಬಹಳ ಕಾಲ ಚದುರಿಹೋಗಿದ್ದವು. 2023ರಲ್ಲಿ ನಾರ್ವೆಯ ಸಂಶೋಧಕರು ಅವನ್ನೆಲ್ಲ ಒಟ್ಟುಗೂಡಿಸಿ ವಿಶ್ಲೇಷಿಸಿದರು. 13 ಅಧ್ಯಯನಗಳು, ಒಟ್ಟು 1,016 ಮಂದಿ. ಸ್ನಾಯುವಿನ ಗಾತ್ರದ ವಿಷಯದಲ್ಲಿ ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಜಿಗಿತದ ಎತ್ತರದಲ್ಲಿಯೂ ಕಾಣಲಿಲ್ಲ. ಬಲದ ಲೆಕ್ಕ ಮಾತ್ರ ಕುತೂಹಲಕರವಾಗಿತ್ತು. ಬಿಡಿತೂಕದಲ್ಲಿ ಪರೀಕ್ಷಿಸಿದಾಗ ಬಿಡಿತೂಕದಲ್ಲಿ ಅಭ್ಯಾಸ ಮಾಡಿದವರು ಮುಂದಿದ್ದರು. ಮೆಷಿನ್‌ನಲ್ಲಿ ಪರೀಕ್ಷಿಸಿದಾಗ ತಕ್ಕಡಿ ಮೆಷಿನ್‌ನವರ ಕಡೆಗೆ ವಾಲಿತು. ಕದಲದ ವಸ್ತುವನ್ನು ತಳ್ಳುವ ಅಥವಾ ಎಳೆಯುವ ಪರೀಕ್ಷೆಯಲ್ಲಿ ಯಾರೂ ಮುಂದಿರಲಿಲ್ಲ.

ಆ ಅಧ್ಯಯನಗಳಲ್ಲಿ ಹೊಸಬರೇ ಇದ್ದಿರಬೇಕು, ಪಳಗಿದವರ ಕಥೆ ಬೇರೆ ಎಂದು ನನ್ನ ಜಿಮ್ಮಿನ ಗೆಳೆಯರೊಬ್ಬರು ತಕರಾರು ತೆಗೆದರು. ನ್ಯಾಯವಾದ ತಕರಾರೇ. ಅದೇ ವರ್ಷ ಸ್ಪೇನಿನ ಮುರ್ಸಿಯಾದ ತಂಡವೊಂದು ಆಗಲೇ ಭಾರ ಎತ್ತಿ ಪಳಗಿದ್ದ 38 ಗಂಡಸರನ್ನು ಎರಡು ಗುಂಪು ಮಾಡಿ ಎಂಟು ವಾರ ತರಬೇತಿ ಕೊಟ್ಟಿತು. ಸ್ಕ್ವಾಟ್ (ಭಾರ ಹೊತ್ತು ಬಸ್ಕಿಯಂತೆ ಕುಳಿತು ಏಳುವುದು), ಬೆಂಚ್ ಪ್ರೆಸ್ (ಅಂಗಾತ ಮಲಗಿ ಎದೆಯಿಂದ ಮೇಲಕ್ಕೆ ಒತ್ತುವುದು), ಬೋರಲು ಮಲಗಿ ಎಳೆಯುವುದು, ಭುಜದ ಮೇಲಕ್ಕೆ ಒತ್ತುವುದು: ಇವೇ ನಾಲ್ಕು ವ್ಯಾಯಾಮಗಳನ್ನು ಒಂದು ಗುಂಪು ರಾಡಿನಲ್ಲಿ ಮಾಡಿತು, ಇನ್ನೊಂದು ಮೆಷಿನ್‌ನಲ್ಲಿ. ಗಾತ್ರದಲ್ಲಿಯೂ ಬಲದಲ್ಲಿಯೂ ಎರಡು ಗುಂಪುಗಳು ಸಮಸಮವಾಗಿ ಬೆಳೆದವು. ಎಂಟು ವಾರ ದೀರ್ಘ ಕಾಲವೇನಲ್ಲ, ಅದನ್ನು ಒಪ್ಪುತ್ತೇನೆ. ಆದರೆ ‘ಮೆಷಿನ್‌ನಿಂದ ಬರುವುದು ಬರೀ ಊತ’ ಎನ್ನುವವರ ಕೈಯಲ್ಲಿ ಇಷ್ಟು ಪುರಾವೆಯೂ ಇಲ್ಲ.

ಏಕೆ ಹೀಗೆ? ಸ್ನಾಯು ಒಂದು ಎಳೆಗಳ ಕಟ್ಟು. ಎಳೆಗಳ ಮೇಲೆ ಸೆಳೆತ ಬಿದ್ದಾಗ ಆ ಸೆಳೆತವನ್ನೇ ಸುದ್ದಿಯಾಗಿ ಓದಿಕೊಂಡು ಜೀವಕೋಶಗಳು ಹೊಸ ಪ್ರೋಟೀನನ್ನು ಕಟ್ಟುತ್ತವೆ. ಸೆಳೆತ ಹುಟ್ಟಿದ್ದು ಕಬ್ಬಿಣದ ರಾಡಿನಿಂದಲೋ, ಪಿನ್ ಚುಚ್ಚಿದ ಪ್ಲೇಟುಗಳ ಸಾಲಿನಿಂದಲೋ, ಬಾವಿಯಿಂದ ಸೇದುವ ಕೊಡದಿಂದಲೋ ಎಂಬುದನ್ನು ತಿಳಿಯುವ ದಾರಿ ಎಳೆಗೆ ಇಲ್ಲ. ನರಮಂಡಲವೂ ಲೆಕ್ಕಾಚಾರದಿಂದಲೇ ಕೆಲಸ ಮಾಡುತ್ತದೆ. ಹಗುರ ಕೆಲಸಕ್ಕೆ ಸಣ್ಣ ಎಳೆಗಳ ಗುಂಪನ್ನು ಕರೆಯುತ್ತದೆ. ಭಾರ ಹೆಚ್ಚಿದಂತೆ, ಇಲ್ಲವೇ ದಣಿವು ಏರಿದಂತೆ, ದೊಡ್ಡ ಗುಂಪುಗಳನ್ನು ಎಬ್ಬಿಸುತ್ತದೆ. ಬೆಳೆಯುವ ಶಕ್ತಿ ಹೆಚ್ಚಾಗಿರುವುದು ಆ ದೊಡ್ಡ ಗುಂಪುಗಳಲ್ಲಿ. ಆದ್ದರಿಂದಲೇ ಒಮ್ಮೆ ಮಾತ್ರ ಎತ್ತಬಲ್ಲ ಗರಿಷ್ಠ ಭಾರದ ಶೇ 30ರಷ್ಟನ್ನು ಹಿಡಿದು ಇನ್ನಾಗದು ಎನ್ನುವವರೆಗೆ ಎತ್ತಿದವರೂ, ಶೇ 80ರಷ್ಟನ್ನು ಹಿಡಿದು ಎಂಟು ಸಲ ಎತ್ತಿದವರೂ ಗಾತ್ರದಲ್ಲಿ ಹತ್ತಿರ ಹತ್ತಿರ ಬಂದು ನಿಲ್ಲುತ್ತಾರೆ. ಕೊನೆಯ ಎರಡು ಮೂರು ಸಲ ಕಷ್ಟವಾಗಬೇಕು. ವಾರದಲ್ಲಿ ಒಂದೊಂದು ಸ್ನಾಯುವಿಗೆ ಸಾಕಷ್ಟು ಸರದಿಗಳು, ಅಂದರೆ ನಡುವೆ ಬಿಡುವಿಲ್ಲದೆ ಎತ್ತುವ ಸೆಟ್‌ಗಳು ಸಿಗಬೇಕು. ತಿಂಗಳು ಕಳೆದಂತೆ ಭಾರ ಏರಬೇಕು. ತಟ್ಟೆಯಲ್ಲಿ ಬೇಳೆ, ಮೊಸರು, ಮೊಟ್ಟೆ, ಏನಾದರೂ ಪ್ರೋಟೀನ್ ಇರಬೇಕು. ನಮ್ಮ ಊರಿನ ಬೆಳಗಿನ ತಿಂಡಿಯಲ್ಲಿ ಅದು ಬಹಳ ಕಡಿಮೆ ಎಂಬ ಕೊರಗು ನನಗಿದೆ, ಅದನ್ನು ಇನ್ನೊಮ್ಮೆ ಬರೆಯುತ್ತೇನೆ.

ಗಾತ್ರದ ಮಾತು ಇಲ್ಲಿಗೆ ಮುಗಿಯಿತು. ಬಲದ ಮಾತು ಅಷ್ಟು ಸುಲಭವಾಗಿ ಮುಗಿಯುವುದಿಲ್ಲ.

ಬಲ ಎಂಬುದು ಸ್ನಾಯುವಿನಲ್ಲಿ ಮಾತ್ರ ಕೂತಿಲ್ಲ. ಜಿಮ್ ಸೇರಿದ ಮೊದಲ ಕೆಲವು ವಾರಗಳಲ್ಲಿ ಕನ್ನಡಿಯಲ್ಲಿ ಏನೂ ಕಾಣದಿದ್ದರೂ ಭಾರ ಮಾತ್ರ ಭರಭರನೆ ಏರುತ್ತದೆ, ಇದು ಎಲ್ಲರ ಅನುಭವ. ಆಗ ಬೆಳೆಯುತ್ತಿರುವುದು ನರಮಂಡಲದ ಜಾಣ್ಮೆ ಎಂದು 1979ರಷ್ಟು ಹಿಂದೆಯೇ ಪ್ರಯೋಗಗಳು ತೋರಿಸಿದ್ದವು. ಯಾವ ಎಳೆಯನ್ನು ಯಾವಾಗ ಎಬ್ಬಿಸಬೇಕು, ಎದುರಾಳಿ ಸ್ನಾಯುವನ್ನು ಹೇಗೆ ಸಡಿಲ ಬಿಡಬೇಕು, ಹೊಟ್ಟೆಯನ್ನು ಯಾವ ಕ್ಷಣಕ್ಕೆ ಬಿಗಿಹಿಡಿಯಬೇಕು, ಇದೆಲ್ಲ ಒಂದು ಕಲಿಕೆ. ವೀಣೆ ನುಡಿಸುವವರ ಬೆರಳು ಮೃದಂಗದ ಮೇಲೆ ತಾನಾಗಿ ಓಡುವುದಿಲ್ಲ. ಹಾಗೆಯೇ ಕುಳಿತು ಕಾಲಿನಿಂದ ಹಲಗೆಯನ್ನು ಒತ್ತುವ ಲೆಗ್ ಪ್ರೆಸ್‌ನಲ್ಲಿ ಕಲಿತದ್ದು ಸ್ಕ್ವಾಟ್‌ಗೆ ಸ್ವಲ್ಪ ಹರಿದುಬರುತ್ತದೆಯೇ ಹೊರತು ಪೂರ್ತಿಯಾಗಿ ಬರುವುದಿಲ್ಲ. ಸ್ಕ್ವಾಟ್‌ನಲ್ಲಿ ಕಲಿತದ್ದೂ ಲೆಗ್ ಪ್ರೆಸ್‌ಗೆ ಪೂರ್ತಿಯಾಗಿ ಹೋಗುವುದಿಲ್ಲ. ರಾಡಿನ ಭಕ್ತರು ಈ ಎರಡನೆಯ ವಾಕ್ಯವನ್ನು ಮರೆಯುತ್ತಾರೆ.

ಬೆಂಗಳೂರಿನ ಮನೆಗಳಲ್ಲಿ ಇದಕ್ಕೊಂದು ಸುಲಭದ ಉದಾಹರಣೆ ಕುಡಿಯುವ ನೀರಿನ ಕ್ಯಾನು. 20 ಲೀಟರ್ ನೀರು ಎಂದರೆ 20 ಕೆ.ಜಿ., ಕ್ಯಾನಿನ ತೂಕ ಬೇರೆ. ಹಿಡಿಯಲು ಸರಿಯಾದ ಜಾಗವಿಲ್ಲ, ಒಳಗಿನ ನೀರು ಕುಲುಕುತ್ತದೆ, ಬಗ್ಗಿ ಎತ್ತಿ ಎದೆಯ ಮಟ್ಟಕ್ಕೆ ತಂದು ತಲೆಕೆಳಗು ಮಾಡಿ ಪಾತ್ರೆಯ ಬಾಯಿಗೆ ಕೂರಿಸಬೇಕು. ಕುಳಿತು ಕಾಲಿನಿಂದ 140 ಕೆ.ಜಿ. ಒತ್ತುತ್ತಿದ್ದ ದಿನಗಳಲ್ಲಿಯೂ ಈ ಕೆಲಸಕ್ಕೆ ನನ್ನ ಸೊಂಟ ಹೆದರುತ್ತಿತ್ತು. ಆಗ ಎರಡು ವರ್ಷ ನಾನು ಮೆಷಿನ್ ಬಿಟ್ಟು ಬೇರೇನನ್ನೂ ಮಾಡಿರಲಿಲ್ಲ. ತೊಡೆಗೆ ಬಲವಿತ್ತು. ನಿಂತು, ಬಗ್ಗಿ, ಮುಂದಕ್ಕೆ ಚಾಚಿದ ಕೈಯಲ್ಲಿ ಅಲುಗಾಡುವ ಭಾರ ಹಿಡಿಯುವ ಅಭ್ಯಾಸ ಇಡೀ ದೇಹಕ್ಕೆ ಇರಲಿಲ್ಲ. ನೆಲದಿಂದ ಭಾರ ಎತ್ತುವ ಡೆಡ್‌ಲಿಫ್ಟನ್ನು ಖಾಲಿ ರಾಡಿನಿಂದ ಶುರುಮಾಡಿ ಮೂರು ತಿಂಗಳು ಮಾಡಿದ ಮೇಲೆ ಕ್ಯಾನು ಕ್ಯಾನಾಗಿಯೇ ಉಳಿಯಿತು, ಹೆದರಿಕೆ ಹೋಯಿತು.

ಇದೇ ಕಾರಣಕ್ಕೆ, ಸ್ಪರ್ಧೆಗೆ ಇಳಿಯುವವರಿಗೆ ಆಯ್ಕೆಯ ಪ್ರಶ್ನೆಯೇ ಇಲ್ಲ. ಕುಂದಾಪುರ ಕಡೆಯ ಗುರುರಾಜ ಪೂಜಾರಿ 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದ ವೇಟ್‌ಲಿಫ್ಟಿಂಗ್‌ನ 56 ಕೆ.ಜಿ. ವಿಭಾಗದಲ್ಲಿ ಬೆಳ್ಳಿ ಗೆದ್ದಾಗ ಒಂದೇ ಏಟಿಗೆ ತಲೆಯ ಮೇಲೆತ್ತುವ ಸ್ನ್ಯಾಚ್‌ನಲ್ಲಿ 111, ಎರಡು ಹಂತದಲ್ಲಿ ಎತ್ತುವ ಕ್ಲೀನ್ ಆ್ಯಂಡ್ ಜರ್ಕ್‌ನಲ್ಲಿ 138, ಒಟ್ಟು 249 ಕೆ.ಜಿ. ಎತ್ತಿದ್ದರು. ತಮ್ಮ ದೇಹದ ತೂಕದ ಎರಡೂವರೆ ಪಟ್ಟು ಭಾರ ತಲೆಯ ಮೇಲೆ ನಿಲ್ಲಬೇಕಾದರೆ ರಾಡಿನ ಜೊತೆಗೇ ವರ್ಷಗಟ್ಟಲೆ ಒಡನಾಡಬೇಕು. ಯಾವ ಮೆಷಿನ್ನೂ ಅದನ್ನು ಕಲಿಸಲಾರದು. ಆದರೆ ಸಂಜೆ ಏಳಕ್ಕೆ ಕಚೇರಿ ಮುಗಿಸಿ ಬರುವವರ ಮುಂದೆ ಅಂಥ ಪರೀಕ್ಷೆ ಇಲ್ಲ.

ರಾಡಿನ ಪರವಾಗಿ ಎರಡು ‘ವೈಜ್ಞಾನಿಕ’ ವಾದಗಳು ಜಿಮ್‌ಗಳಲ್ಲಿ ಓಡಾಡುತ್ತವೆ. ಅವನ್ನು ಬಿಡಿಸಿ ನೋಡುವುದು ಅಗತ್ಯ. ಮೊದಲನೆಯದು, ಬಿಡಿ ರಾಡಿನ ಸ್ಕ್ವಾಟ್‌ನಲ್ಲಿ ಸ್ನಾಯುಗಳು ಶೇ 43ರಷ್ಟು ಹೆಚ್ಚು ಕೆಲಸ ಮಾಡುತ್ತವೆ ಎಂಬುದು. ಈ ಅಂಕಿ ಸುಳ್ಳಲ್ಲ. 2009ರಲ್ಲಿ ಕೆನಡಾದಲ್ಲಿ ನಡೆದ ಅಧ್ಯಯನವೊಂದು ಹಳಿಗೆ ಸಿಕ್ಕಿಸಿದ ರಾಡಿನ, ಅಂದರೆ ಸ್ಮಿತ್ ಮೆಷಿನ್‌ನ, ಸ್ಕ್ವಾಟ್‌ಗೂ ಬಿಡಿ ರಾಡಿನದಕ್ಕೂ ಹೋಲಿಸಿ ಸ್ನಾಯುಗಳ ವಿದ್ಯುತ್ ಚಟುವಟಿಕೆಯನ್ನು ಅಳೆದಿತ್ತು. ಸರಾಸರಿ ಅಷ್ಟು ಹೆಚ್ಚಳ ಕಂಡಿತ್ತು. ಆದರೆ ಅದರಲ್ಲಿ ಭಾಗವಹಿಸಿದ್ದವರು ಆರು ಮಂದಿ. ಅವರು ಮಾಡಿದ್ದು ಒಂದು ಸೆಟ್. ಚರ್ಮದ ಮೇಲೆ ಅಂಟಿಸಿದ ತಂತಿ ಆ ಕ್ಷಣದ ಗದ್ದಲವನ್ನು ಕೇಳಿಸಿಕೊಳ್ಳುತ್ತದೆ; ಮೂರು ತಿಂಗಳ ನಂತರ ತೊಡೆ ಎಷ್ಟು ದಪ್ಪವಾಗುತ್ತದೆ ಎಂಬುದನ್ನು ಅದು ಹೇಳಲಾರದು. ಎರಡನೆಯದು ಸ್ನಾಯುವಿನ ಬೆಳವಣಿಗೆಗೆ ನೆರವಾಗುವ ಹಾರ್ಮೋನಾದ ಟೆಸ್ಟೊಸ್ಟೆರಾನ್. ರಾಡ್ ಎತ್ತಿದರೆ ಈ ಹಾರ್ಮೋನು ಉಕ್ಕುತ್ತದೆ, ಮೆಷಿನ್‌ನಿಂದ ಉಕ್ಕುವುದಿಲ್ಲ ಎನ್ನುತ್ತಾರೆ. 2020ರಲ್ಲಿ ಅದೇ ಕೆನಡಾದ ಸಂಶೋಧಕರು 46 ಗಂಡಸರು ಮತ್ತು ಹೆಂಗಸರಿಗೆ ಎಂಟು ವಾರ ತರಬೇತಿ ಕೊಟ್ಟು ಇದನ್ನೂ ಅಳೆದರು. ಬಿಡಿತೂಕದ ಗುಂಪಿನ ಗಂಡಸರಲ್ಲಿ ವ್ಯಾಯಾಮದ ಬೆನ್ನಿಗೆ ಹಾರ್ಮೋನು ಹೆಚ್ಚು ಏರಿದ್ದು ನಿಜ. ತೋಳಿನ ಮತ್ತು ತೊಡೆಯ ಸ್ನಾಯುವಿನ ದಪ್ಪ ಮಾತ್ರ ಎರಡೂ ಗುಂಪಿನಲ್ಲಿ ಒಂದೇ ಸಮ ಬೆಳೆದಿತ್ತು. ಆ ಕ್ಷಣಿಕ ಉಕ್ಕು ಮೈಗೆ ಏನನ್ನೂ ಕಟ್ಟಿಕೊಡಲಿಲ್ಲ.

ಮೆಷಿನ್ ಪಕ್ಷದವರಿಗೂ ಒಂದು ಮಾತು ಹೇಳಬೇಕು. ಮೆಷಿನ್ ಮೇಲೆ ಬರೆದ ಸಂಖ್ಯೆಯನ್ನು ನಂಬಬಾರದು. ಕೇಬಲ್ ಒಂದು ಚಲಿಸುವ ರಾಟೆಯನ್ನು ಸುತ್ತಿ ಬಂದರೆ 40 ಎಂದು ಬರೆದ ಪ್ಲೇಟು ಕೈಗೆ 20 ಆಗುತ್ತದೆ. ಓರೆಯಾಗಿ ಕುಳಿತು 45 ಡಿಗ್ರಿ ಕೋನದಲ್ಲಿ ಒತ್ತುವ ಲೆಗ್ ಪ್ರೆಸ್‌ನಲ್ಲಿ 100 ಕೆ.ಜಿ. ಪ್ಲೇಟು ಹಾಕಿದರೆ ಕಾಲಿನ ಮೇಲೆ ಬೀಳುವುದು ಅದರ ಸುಮಾರು 71 ಕೆ.ಜಿ.; ಹಲಗೆಯ ತೂಕ ಮತ್ತು ಹಳಿಯ ತಿಕ್ಕಾಟ ಬೇರೆ. ಹೀಗಾಗಿ ಜಯನಗರದ ಜಿಮ್ಮಿನ 60ಕ್ಕೂ ಯಲಹಂಕದ ಜಿಮ್ಮಿನ 60ಕ್ಕೂ ತಾಳೆಯಾಗುವುದಿಲ್ಲ. ಒಂದೇ ಮೆಷಿನ್‌ನಲ್ಲಿ ಈ ತಿಂಗಳು ಹೋದ ತಿಂಗಳಿಗಿಂತ ಎಷ್ಟು ಮುಂದೆ ಹೋದಿರಿ ಎಂಬುದಷ್ಟೇ ಲೆಕ್ಕ. ರಾಡಿನಲ್ಲಿ ಈ ಮೋಸ ಕಡಿಮೆ. ಒಲಿಂಪಿಕ್ ಮಾದರಿಯ ರಾಡು ಗಂಡಸರದ್ದಾದರೆ 20 ಕೆ.ಜಿ., ಹೆಂಗಸರದ್ದಾದರೆ 15. ಗಲ್ಲಿಯ ಜಿಮ್‌ಗಳ ತೆಳುವಾದ ರಾಡುಗಳು ಅದಕ್ಕಿಂತ ಹಗುರ. ಒಮ್ಮೆ ತಕ್ಕಡಿಗೆ ಹಾಕಿ ನೋಡಿದರೆ ಮುಗಿಯಿತು.

ಇನ್ನೊಂದು ಸಂಗತಿ ನನಗೆ ಬಹಳ ಮುಖ್ಯವೆನಿಸುತ್ತದೆ. ರಾಡು, ಮೆಷಿನ್ ಎಂಬ ಎರಡು ಜಾತಿಗಳ ನಡುವಿನ ಅಂತರಕ್ಕಿಂತ, ಒಂದೇ ಜಾತಿಯೊಳಗಿನ ಎರಡು ವ್ಯಾಯಾಮಗಳ ಅಂತರ ದೊಡ್ಡದಿರಬಹುದು. ‘ಸ್ಕ್ವಾಟ್ ಒಂದಿದ್ದರೆ ಕಾಲಿಗೆ ಬೇರೇನೂ ಬೇಡ’ ಎನ್ನುತ್ತಾರೆ. 2019ರಲ್ಲಿ ಜಪಾನಿನ ಸಂಶೋಧಕರು ಹತ್ತು ವಾರ ಸ್ಕ್ವಾಟ್ ಮಾಡಿಸಿ ಸ್ಕ್ಯಾನ್ ತೆಗೆದು ನೋಡಿದರು. ತೊಡೆಯ ಮುಂಭಾಗ, ಒಳತೊಡೆ, ಪಿರ್ರೆ ಬೆಳೆದಿದ್ದವು. ತೊಡೆಯ ಹಿಂಭಾಗದ ಸ್ನಾಯುಗಳು ಇದ್ದಲ್ಲೇ ಇದ್ದವು. ಅವಕ್ಕೆ ಮಂಡಿ ಮಡಚುವ ಕೆಲಸ ಬೇಕು, ಅದನ್ನು ಕೊಡುವುದಕ್ಕೆ ಲೆಗ್ ಕರ್ಲ್ ಮೆಷಿನ್‌ಗಿಂತ ಸರಳವಾದದ್ದು ಇಲ್ಲ. ಆ ಮೆಷಿನ್‌ನಲ್ಲಿಯೂ ಎರಡು ಬಗೆ ಇವೆ, ಮಲಗಿ ಮಾಡುವುದು ಮತ್ತು ಕುಳಿತು ಮಾಡುವುದು. ಇನ್ನೊಂದು ಜಪಾನಿ ತಂಡ 12 ವಾರ ಇವೆರಡನ್ನು ಹೋಲಿಸಿದಾಗ ಕುಳಿತು ಮಾಡಿದ ಕಾಲಿನ ಹಿಂತೊಡೆ ಶೇ 14ರಷ್ಟು, ಮಲಗಿ ಮಾಡಿದ್ದು ಶೇ 9ರಷ್ಟು ಬೆಳೆದವು. ಕುಳಿತಾಗ ಸೊಂಟ ಮಡಚಿರುತ್ತದೆ, ಆ ಸ್ನಾಯು ಉದ್ದಕ್ಕೆ ಎಳೆದುಕೊಂಡ ಸ್ಥಿತಿಯಲ್ಲೇ ದುಡಿಯಬೇಕಾಗುತ್ತದೆ. ಎರಡೂ ಮೆಷಿನ್ನೇ, ಫಲ ಬೇರೆ. ಯಾವ ಸ್ನಾಯು, ಎಷ್ಟು ಉದ್ದಕ್ಕೆ ಎಳೆದುಕೊಂಡು, ಎಷ್ಟು ಸೆಳೆತದಲ್ಲಿ ದುಡಿಯುತ್ತಿದೆ ಎಂದು ಕೇಳಿಕೊಂಡರೆ ರಾಡು ಮೆಷಿನ್ ಜಗಳ ಅಪ್ರಸ್ತುತವಾಗುತ್ತದೆ.

ಅಪಾಯದ ಮಾತು ಬಂದಾಗ ಜನ ಎರಡು ಅತಿಗಳಿಗೆ ಹೋಗುತ್ತಾರೆ. ಅಮೆರಿಕದ ಆಸ್ಪತ್ರೆಗಳ ತುರ್ತು ವಿಭಾಗಗಳಿಗೆ 1990ರಿಂದ 2007ರವರೆಗೆ ಭಾರದ ವ್ಯಾಯಾಮದಿಂದ ಗಾಯಗೊಂಡು ಬಂದವರು ಅಂದಾಜು 9.7 ಲಕ್ಷ. ಅದರಲ್ಲಿ ಶೇ 90ರಷ್ಟು ಬಿಡಿತೂಕದಿಂದ ಆದದ್ದು. ಸಂಖ್ಯೆ ದೊಡ್ಡದಾಗಿ ಕಂಡರೂ ಎಷ್ಟು ಜನ ಎಷ್ಟು ಗಂಟೆ ಯಾವುದನ್ನು ಬಳಸಿದರು ಎಂಬ ಲೆಕ್ಕ ಅದರಲ್ಲಿಲ್ಲ. ಗಾಯಗಳ ಮುಖ್ಯ ಕಾರಣ ಬೆನ್ನು ಮುರಿಯುವಂಥ ಸಾಹಸವೂ ಆಗಿರಲಿಲ್ಲ, ಭಾರ ಕೈಜಾರಿ ಮೈಮೇಲೆ ಬಿದ್ದದ್ದು. ನಮ್ಮ ನಗರದ ಜಿಮ್‌ಗಳಿಗೆ ಇದನ್ನು ಹಚ್ಚಿ ನೋಡಿ. ಬೇಕರಿಯ ಮೇಲಿನ ಎರಡನೆಯ ಮಹಡಿ, ಕಿರಿದಾದ ಜಾಗ, ರಾತ್ರಿ ಎಂಟಕ್ಕೆ ಮೂವತ್ತು ಜನ, ನೆಲದ ಮೇಲೆ ಎಲ್ಲೆಂದರಲ್ಲಿ ಬಿಟ್ಟ ಡಂಬೆಲ್. ಕೆಳಗಿನ ಅಂಗಡಿಯವರು ಜಗಳಕ್ಕೆ ಬರುತ್ತಾರೆಂದು ರಾಡನ್ನು ನೆಲಕ್ಕೆ ಬಿಡುವಂತಿಲ್ಲ. ಬೆಂಚ್ ಮೇಲೆ ಮಲಗಿದವರು ‘ಸ್ವಲ್ಪ ಸಪೋರ್ಟ್ ಕೊಡಿ’ ಎಂದು ಕರೆದರೆ ಕಿವಿಯಲ್ಲಿ ಹಾಡು ಹಾಕಿಕೊಂಡವರಿಗೆ ಕೇಳಿಸುವುದಿಲ್ಲ. ಇಂಥಲ್ಲಿ ಒಬ್ಬರೇ ಬಂದು, ಕೊನೆಯ ಸಲ ಆಗದಿದ್ದರೂ ನೋಡೋಣ ಎಂದು ಎತ್ತುವವರಿಗೆ ಮೆಷಿನ್ ಶೋಕಿಯ ವಸ್ತುವೇನಲ್ಲ. ಆಗದಿದ್ದರೆ ಕೈಬಿಟ್ಟರಾಯಿತು, ಪ್ಲೇಟುಗಳು ತಮ್ಮ ಜಾಗದಲ್ಲಿ ಹೋಗಿ ಕೂರುತ್ತವೆ. ಸ್ನಾಯುವನ್ನು ಬೆಳೆಸುವ ಆ ಕಷ್ಟದ ಕೊನೆಯ ಎರಡು ಮೂರು ಸಲ ಅಲ್ಲಿ ನಿರ್ಭಯವಾಗಿ ಸಿಗುತ್ತವೆ.

ಮೆಷಿನ್ ಕೂಡ ಎಲ್ಲರ ಮೈಗೆ ಹೊಲಿದ ಬಟ್ಟೆಯಲ್ಲ. ನನ್ನ ತಾಯಿಯ ಎತ್ತರ ಐದು ಅಡಿಗೂ ಸ್ವಲ್ಪ ಕಡಿಮೆ. ಮೊದಲ ದಿನ ಸೀಟನ್ನು ಎಷ್ಟು ಮುಂದಕ್ಕೆ ತಂದರೂ ಅವರ ಬೆನ್ನು ಒರಗಿಗೆ ತಾಗಲಿಲ್ಲ. ಮೆಷಿನ್‌ನ ತಿರುಗುವ ಕೀಲು ಅವರ ಮಂಡಿಯ ಕೀಲಿಗಿಂತ ಒಂದು ಗೇಣು ಆಚೆ ಇತ್ತು. ಹಾಗೇ ಮಾಡಿದ್ದರೆ ಮಂಡಿನೋವು ಬಂದು, ‘ವಯಸ್ಸಾದವರಿಗೆ ಇದೆಲ್ಲ ಬೇಡ’ ಎಂಬ ತೀರ್ಪಿನೊಂದಿಗೆ ಮನೆಗೆ ಮರಳುತ್ತಿದ್ದರು. ಬೆನ್ನಿಗೆ ಒಂದು ಗಟ್ಟಿ ದಿಂಬು ಕೊಟ್ಟ ಮೇಲೆ ಎಲ್ಲ ಸರಿಹೋಯಿತು. ಸರಿಪಡಿಸಲು ಎರಡು ನಿಮಿಷ ಸಾಕಾಯಿತು, ಆದರೆ ನೋಡುವ ಕಣ್ಣು ಬೇಕಾಗಿತ್ತು. ಜಿಮ್ಮಿನ ಶುಲ್ಕ ಕೊಡುವಾಗ ನಾವು ಹೆಚ್ಚಾಗಿ ಸಲಕರಣೆಯನ್ನು ಎಣಿಸುತ್ತೇವೆ. ಎಣಿಸಬೇಕಾದದ್ದು ಆ ಕಣ್ಣುಗಳನ್ನು.

ಹತ್ತು ನಿಮಿಷ ಹಗುರವಾಗಿ ಮಾಡಿದರೆ ಸಾಕು ಎಂಬ ಮಾತನ್ನು ನಾವು ಕೇಳಲಿಲ್ಲ. ಆ ಮಾತಿನ ಮೇಲೆ ನನಗೆ ಈಗಲೂ ಸಿಟ್ಟಿದೆ. ವಯಸ್ಕರೆಲ್ಲರೂ ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಮಾಡಬೇಕು, 65 ದಾಟಿದವರು ಬಲ ಮತ್ತು ಸಮತೋಲನದ ವ್ಯಾಯಾಮವನ್ನು ಮೂರು ದಿನ ಮಾಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೇಳಿದೆ. 2022ರ ಅಂದಾಜಿನಂತೆ ಭಾರತದ ವಯಸ್ಕರಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಜನ ಆರೋಗ್ಯಕ್ಕೆ ಬೇಕಾದಷ್ಟು ದೈಹಿಕ ಚಟುವಟಿಕೆ ಮಾಡುತ್ತಿಲ್ಲ. ಜಿಮ್ಮಿನ ಬಾಗಿಲವರೆಗೆ ಬಂದ ಅಪರೂಪದ ಹಿರಿಯರಿಗೆ ಅರೆಮನಸ್ಸಿನ ವ್ಯಾಯಾಮ ಹೇಳಿ ಕಳುಹಿಸುವುದು ಅನ್ಯಾಯ. ರಕ್ತದೊತ್ತಡ, ಹೃದಯದ ತೊಂದರೆ ಇದ್ದವರು ಮೊದಲು ವೈದ್ಯರನ್ನು ಕಾಣಬೇಕು, ಉಸಿರು ಕಟ್ಟಿ ಎತ್ತಬಾರದು. ಆ ಎಚ್ಚರಗಳನ್ನು ಪಾಲಿಸಿ ಅವರಿಗೂ ಭಾರ ಏರಿಸಬೇಕು.

ತಾಯಿ 20 ಕೆ.ಜಿ. ಲೆಗ್ ಪ್ರೆಸ್‌ನಿಂದ ಶುರುಮಾಡಿದರು. ನಾಲ್ಕು ತಿಂಗಳಲ್ಲಿ 60ಕ್ಕೆ ಬಂದರು. ಮೆಟ್ಟಿಲು ಹತ್ತುವಾಗ ಕಟಕಟೆ ಹಿಡಿಯುವುದು ತಾನಾಗಿ ನಿಂತಿತು. ಬಸ್ಸಿನ ಎತ್ತರದ ಮೆಟ್ಟಿಲು ಸಲೀಸಾಯಿತು. ಆದರೆ ನೆಲದಿಂದ ಏಳುವುದು? ಸಂಕ್ರಾಂತಿಯ ದಿನ ಎಳ್ಳು ಬೀರಲು ಬಂದವರ ಜೊತೆ ಚಾಪೆಯ ಮೇಲೆ ಕುಳಿತವರು ಮತ್ತೆ ಕೈಯೂರಿಯೇ ಎದ್ದರು. ನಾನು ನಿರಾಶನಾದೆ, ಅವರು ಆಗಲಿಲ್ಲ. ‘ಕಾಲಿಗೆ ಬಲ ಬಂದಿದೆ ಕಣೋ, ಏಳುವುದು ಹೇಗೆ ಅಂತ ಮೈಗೆ ಮರೆತುಹೋಗಿದೆ’ ಎಂದರು. ನಾರ್ವೆಯವರು ಒಟ್ಟುಗೂಡಿಸಿದ 13 ಅಧ್ಯಯನಗಳ ಸಾರವನ್ನು ಅವರು ಒಂದೇ ವಾಕ್ಯದಲ್ಲಿ ಹೇಳಿಬಿಟ್ಟಿದ್ದರು.

ಅಂದಿನಿಂದ ಮೆಷಿನ್ ಬಿಡದೆ, ಅದರ ಜೊತೆಗೆ ಮನೆಯಲ್ಲೊಂದು ಅಭ್ಯಾಸ ಸೇರಿಸಿದೆವು. ಮೊದಲು ಕುರ್ಚಿಯಿಂದ ಕೈಯೂರದೆ ಏಳುವುದು, ಎಂಟು ಸಲ. ಅದು ಸುಲಭವಾದ ಮೇಲೆ ಅಡುಗೆಮನೆಯ ಸ್ಟೂಲಿನಿಂದ. ಆಮೇಲೆ ಎರಡು ಮಣೆ ಒಂದರ ಮೇಲೊಂದು ಇಟ್ಟು, ಕೊನೆಗೆ ಒಂದೇ ಮಣೆಯಿಂದ. ಪ್ರತಿ ಹಂತಕ್ಕೂ ಎರಡು ಮೂರು ವಾರ ಹಿಡಿಯಿತು. ಮಣೆಯಿಂದ ನೆಲಕ್ಕೆ ಇಳಿದದ್ದು ಏಪ್ರಿಲ್‌ನಲ್ಲಿ. ತೊಡೆಯಲ್ಲಿ ಬಲವಿಲ್ಲದ ಕಾಲದಲ್ಲಿ ಈ ಅಭ್ಯಾಸವನ್ನೇ ನೇರವಾಗಿ ಶುರುಮಾಡಿದ್ದರೆ ಅವರಿಗೆ ಆಗುತ್ತಿರಲಿಲ್ಲ, ನಾವು ಪ್ರಯತ್ನಿಸಿ ಸೋತದ್ದೂ ಉಂಟು. ಮೆಷಿನ್ ಕಚ್ಚಾ ಬಲ ಕೊಟ್ಟಿತು, ಮಣೆ ಅದಕ್ಕೆ ದಾರಿ ತೋರಿಸಿತು. ಅಮೆರಿಕದ ಕ್ರೀಡಾವೈದ್ಯರ ಸಂಘಟನೆ 2009ರಲ್ಲಿಯೇ ಹೊಸಬರಿಗೆ ಬಿಡಿತೂಕ ಮತ್ತು ಮೆಷಿನ್ ಎರಡನ್ನೂ ಸೂಚಿಸಿತ್ತು, ಪಳಗಿದವರು ಬಿಡಿತೂಕಕ್ಕೆ ಒತ್ತು ಕೊಟ್ಟು ಮೆಷಿನ್ ಅನ್ನು ಪೂರಕವಾಗಿ ಇಟ್ಟುಕೊಳ್ಳಲಿ ಎಂದಿತ್ತು. ಇಷ್ಟು ವರ್ಷ ಕಳೆದರೂ ಆ ಮಾತು ನಮ್ಮ ಟ್ರೈನರ್‌ಗಳ ತರಬೇತಿಗೆ ಸರಿಯಾಗಿ ಇಳಿದಿಲ್ಲ ಎಂಬುದೇ ನನ್ನ ದೂರು.

ಜಿಮ್ಮಿಗೆ ತಿಂಗಳ ಹಣ ಕೊಡಲಾಗದವರಿಗೆ ಈ ನಗರದಲ್ಲಿ ಉಳಿದಿರುವುದು ಉದ್ಯಾನಗಳ ತೆರೆದ ಜಿಮ್. ಬಡಾವಣೆ ಬಡಾವಣೆಗೂ ಹಳದಿ ನೀಲಿ ಬಣ್ಣದ ಆ ಸಲಕರಣೆಗಳಿವೆ. ಬೆಳಗಿನ ಆರು ಗಂಟೆಗೆ ಸೀರೆ, ಸ್ವೆಟರ್, ಶೂ ತೊಟ್ಟ ಹೆಂಗಸರು ಸಾಲಾಗಿ ನಿಂತು ಅವನ್ನು ಬಳಸುವುದನ್ನು ನೋಡಿದರೆ ಮನಸ್ಸು ತುಂಬುತ್ತದೆ. ಆದರೆ ಅವುಗಳಲ್ಲಿ ಮೂಲಭೂತವಾದ ಒಂದು ಕೊರತೆಯಿದೆ. ಗಾಳಿಯಲ್ಲಿ ಕಾಲು ಬೀಸುವ ಸಲಕರಣೆಯಲ್ಲಿ ಭಾರವೇ ಇಲ್ಲ. ಕುಳಿತು ಒತ್ತುವ, ಎಳೆಯುವ ಸಲಕರಣೆಗಳಲ್ಲಿ ಇರುವ ಭಾರ ಕುಳಿತವರ ಮೈತೂಕದ ಒಂದು ಪಾಲು ಮಾತ್ರ. ಮೊದಲ ತಿಂಗಳು ಕಷ್ಟವಾದದ್ದು ಮೂರನೆಯ ತಿಂಗಳು ಆಟವಾಗುತ್ತದೆ, ಆಮೇಲೆ ಏರಿಸಲು ಪಿನ್ನೂ ಇಲ್ಲ, ಪ್ಲೇಟೂ ಇಲ್ಲ. ಮೆಷಿನ್‌ನ ದೊಡ್ಡ ಗುಣವಾದ ಹಂತಹಂತದ ಏರಿಕೆಯನ್ನು ಬಿಟ್ಟು ಅದರ ಆಕಾರವನ್ನು ಮಾತ್ರ ಉದ್ಯಾನಕ್ಕೆ ತಂದಿದ್ದೇವೆ. ಪಾಲಿಕೆ ಮುಂದಿನ ಸಲ ಸಲಕರಣೆ ಕೊಳ್ಳುವಾಗ ಭಾರ ಬದಲಿಸಬಹುದಾದ ಮಾದರಿಗಳನ್ನು ತರಬೇಕು. ಬೇರೆ ಬೇರೆ ಎತ್ತರದ ನಾಲ್ಕು ಕಲ್ಲುಬೆಂಚುಗಳನ್ನು ಹಾಕಿದರೂ ಸಾಕು, ಕುಳಿತು ಏಳುವ ಅಭ್ಯಾಸಕ್ಕೆ ಅದಕ್ಕಿಂತ ಅಗ್ಗದ ಸಲಕರಣೆ ಇಲ್ಲ.

ನಮ್ಮ ಬೀದಿಯ ಉದ್ಯಾನದಲ್ಲಿ ಅಂಥ ಬೆಂಚು ಒಂದೇ ಒಂದಿದೆ. ತಾಯಿ ಜಿಮ್ ಇಲ್ಲದ ದಿನ ಅಲ್ಲಿಗೆ ಹೋಗುತ್ತಾರೆ. ರಾಗಿ ಹಿಟ್ಟಿನ ಚೀಲವೊಂದನ್ನು ಎದೆಗೆ ಅವಚಿಕೊಂಡು ಹತ್ತು ಸಲ ಕುಳಿತು ಏಳುತ್ತಾರೆ, ಸುಧಾರಿಸಿಕೊಂಡು ಮತ್ತೆ ಹತ್ತು ಸಲ. ಶುರುವಿನಲ್ಲಿ ಚೀಲ ಒಂದು ಕೆ.ಜಿ.ಯದಿತ್ತು. ಈಗ ಐದು ಕೆ.ಜಿ.ಯದನ್ನು ಒಯ್ಯುತ್ತಾರೆ. ಪಕ್ಕದ ಮನೆಯವರು ಕಳೆದ ವಾರದಿಂದ ತಮ್ಮದೊಂದು ಚೀಲ ತರಲು ಆರಂಭಿಸಿದ್ದಾರೆ.